ಯಾರು ಹೇಳಿದ್ದು? ಸುಳ್ಳು ಸುದ್ದಿ ಮತ್ತು ಪ್ರಜಾಪ್ರಭುತ್ವ: ಒಂದು ಅಧ್ಯಯನ ಟಿಪ್ಪಣಿ

ಈ ವಿಷಯದ ಮೇಲೆ ಪ್ರಬಂಧ ಬರೆಯಲು ಕುಳಿತಾಗ ನಾವೆಲ್ಲ ಜಾಲತಾಣಗಳ ದುಷ್ಪರಿಣಾಮಗಳಿಂದ ಆರಂಭಿಸಿ ಅಲ್ಲಿಯೇ ಸುತ್ತುತ್ತಿರುತ್ತೇವೆ. ನನಗೆ ವಿಷಯ ತಿಳಿಯಾದದ್ದು ನಮ್ಮ ರಾಜ್ಯದಲ್ಲೇ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ.

ಮೊದಲನೆಯದು 2012ರ ಆಗಸ್ಟ್, ಬೆಂಗಳೂರು. ಅದರ ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಬೋಡೊ ಬುಡಕಟ್ಟಿನವರು ಮತ್ತು ಮುಸ್ಲಿಮರ ನಡುವೆ ಹಿಂಸಾಚಾರ ನಡೆದಿತ್ತು. ಅದಕ್ಕೆ ಪ್ರತೀಕಾರವಾಗಿ ರಂಜಾನ್ ಹಬ್ಬದ ಹೊತ್ತಿಗೆ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಆಗಸ್ಟ್ 15ರಿಂದ ಭದ್ರತಾ ಸಿಬ್ಬಂದಿ, ಹೋಟೆಲ್ ಕೆಲಸಗಾರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ, ಊರು ಬಿಡಬೇಡಿ ಎಂದು ಕೇಳಿಕೊಂಡರು. ಆದರೂ ರೈಲುಗಳು ತುಂಬಿಯೇ ಹೊರಟವು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಕಡೆ ಹೆಸರು, ಹುದ್ದೆ, ಪೊಲೀಸ್ ಬಲ ಎಲ್ಲವೂ ಇರುವ ಸಚಿವರ ಮಾತು. ಇನ್ನೊಂದು ಕಡೆ ಮೊದಲು ಬರೆದವರು ಯಾರೆಂದು ಗೊತ್ತಿಲ್ಲದ ಎರಡು ಸಾಲು. ಗೆದ್ದದ್ದು ಎರಡನೆಯದು. ಹೊರಟವರನ್ನು ದಡ್ಡರೆಂದು ತಳ್ಳಿಹಾಕುವುದು ಅನ್ಯಾಯ. ಪರಊರಿನಲ್ಲಿ ಮುಖಚಹರೆಯ ಕಾರಣಕ್ಕೇ ಪ್ರತಿದಿನ ಹೊರಗಿನವರಂತೆ ಕಾಣಿಸಿಕೊಳ್ಳುವವರು ಆ ಸಂದೇಶವನ್ನು ಪೂರ್ತಿ ನಂಬಬೇಕಾಗಿಯೇ ಇರಲಿಲ್ಲ. ಅದು ನಿಜವಾಗಿಬಿಟ್ಟರೆ ನಮ್ಮನ್ನು ಕಾಯುವವರು ಯಾರು ಎಂಬ ಪ್ರಶ್ನೆಯೊಂದೇ ಸಾಕಾಗಿತ್ತು. ವದಂತಿ ಬೇರು ಬಿಡುವುದು ವಿಶ್ವಾಸ ಮೊದಲೇ ಸಡಿಲವಾಗಿರುವ ನೆಲದಲ್ಲಿ. ಪರೀಕ್ಷೆಯಲ್ಲಿ ಏನನ್ನು ಮರೆತರೂ ಇದನ್ನು ಬರೆಯಿರಿ.

ಎರಡನೆಯದು 2018ರ ಜುಲೈ 13, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ಹತ್ತಿರದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಹುಟ್ಟಿತು. ಅವರು ಅಲ್ಲಿಂದ ಹೊರಟರೂ ವಾಟ್ಸ್‌ಆ್ಯಪ್ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ತಲುಪಿತ್ತು. ಜನ ರಸ್ತೆಗೆ ಅಡ್ಡ ಕಟ್ಟಿ ಕಾದಿದ್ದರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಗುಂಪಿನಲ್ಲಿದ್ದವರು ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ತಿಳಿದಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆ ವರ್ಷ ದೇಶದ ಹಲವೆಡೆ ಈ ಭೀತಿ ಹರಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ಮಾಡಿದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಹರಿದಾಡಿದ ಪ್ರತಿಯಲ್ಲಿ ಆ ಕೊನೆಯನ್ನು ಕತ್ತರಿಸಲಾಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಕತ್ತರಿಸಿದವರ ಉದ್ದೇಶ ವಂಚನೆ. ಹೆದರಿ ಮುಂದಕ್ಕೆ ಕಳಿಸಿದ ತಾಯಿಯದು ಕಾಳಜಿ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಉತ್ತರ ದಾರಿ ತಪ್ಪುತ್ತದೆ.

ಪರಿಹಾರದಲ್ಲೊಂದು ಹೋಲಿಕೆ ಇದೆ, ಗುರುತು ಹಾಕಿಕೊಳ್ಳಿ. 2012ರಲ್ಲಿ ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಎಸ್‌ಎಂಎಸ್‌ಗಳನ್ನು ಐದಕ್ಕೆ ಮಿತಿಗೊಳಿಸಿತು. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದು ಎಂದಿತು. ವೇಗ ತಗ್ಗಿಸುವುದು ಬೇಕಾದ ಕೆಲಸವೇ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುದ್ದಿಗಳ ಬಗೆಗಿನ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಗಿತ್ತು. ಆದರೆ ಮಿತಿ ಐದಾದರೂ ಒಂದಾದರೂ, ಸಂದೇಶಕ್ಕೆ ಹೊಣೆಗಾರರು ಹುಟ್ಟುವುದಿಲ್ಲ.

ಪ್ರಜಾಪ್ರಭುತ್ವಕ್ಕೆ ಬೀಳುವ ಪೆಟ್ಟು ಇಲ್ಲಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ತಪ್ಪು ಹೇಳಿದವರನ್ನು ಮರುಪ್ರಶ್ನಿಸಬಹುದು, ಸದನದಲ್ಲಿ ಸಚಿವರಿಂದ ಉತ್ತರ ಕೇಳಬಹುದು. ಫಾರ್ವರ್ಡ್ ಆಗಿ ಬಂದ ಮಾತನ್ನು ಯಾರ ಮುಂದಿಟ್ಟು ಪ್ರಶ್ನಿಸುವುದು? ಮಾತಿನಿಂದ ಹೊಣೆ ಕಳಚಿಹೋದಾಗ ಚರ್ಚೆ ನಡೆಯುವುದಿಲ್ಲ, ಭಯ ಮಾತ್ರ ಹರಡುತ್ತದೆ.

ಹಾಗೆಂದು ಸುಳ್ಳು ಯಾವುದೆಂಬ ತೀರ್ಮಾನವನ್ನು ಸರ್ಕಾರಕ್ಕೇ ಬಿಡುವುದೂ ಅಪಾಯ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದವರನ್ನು ಶಿಕ್ಷಿಸಲು ಅವಕಾಶ ಕೊಟ್ಟಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಶ್ರೇಯಾ ಸಿಂಘಲ್ ಪ್ರಕರಣದ ಆ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆಗಳನ್ನು ಬೇರ್ಪಡಿಸಿ, ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ನಿರ್ಬಂಧ ಸಾಧ್ಯ ಎಂದಿತು. ತನ್ನ ವ್ಯವಹಾರಗಳ ಬಗೆಗಿನ ಸುದ್ದಿಯನ್ನು ತಾನೇ ಪರಿಶೀಲಿಸಿ ಸುಳ್ಳೆನ್ನಲು ಕೇಂದ್ರ ಮಾಡಿಕೊಂಡಿದ್ದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. 2025ರಲ್ಲಿ ಚರ್ಚೆಗೆ ಬಂದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷಗಳವರೆಗಿನ ಸಜೆಯ ಪ್ರಸ್ತಾಪವಿತ್ತು. ಅದನ್ನು ಓದುವಾಗ 66ಎ ತೀರ್ಪನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪದವನ್ನೂ ಹೋಲಿಸಿ: ವಿಡಿಯೊ ಕತ್ತರಿಸಿದವರು ಯಾವ ಪದದಡಿ ಬರುತ್ತಾರೆ, ಹೆದರಿ ಕಳಿಸಿದ ತಾಯಿ ಯಾವ ಪದದಡಿ ಬರುತ್ತಾಳೆ ಎಂದು.