ಜಡ್ಜ್ ಇದ್ದರೂ ಯಾಂಕೀಸ್ ಇನ್ನೊಬ್ಬ ಸೆಂಟರ್ ಫೀಲ್ಡರ್‌ನನ್ನು ಹುಡುಕಿದ್ದೇಕೆ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಯಾಂಕೀಸ್‌ನ ಆರನ್ ಜಡ್ಜ್ 2024ರಲ್ಲಿ ಸೆಂಟರ್ ಫೀಲ್ಡ್‌ನಲ್ಲಿ (ಔಟ್‌ಫೀಲ್ಡ್, ಅಂದರೆ ಮೈದಾನದ ಹೊರಭಾಗದ ನಡುವಿನ ಜಾಗ) ಆಡಿಕೊಂಡೇ 58 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದರು. ಅವರನ್ನೇ ಅಲ್ಲಿ ಬಿಡಬಹುದಿತ್ತಲ್ವಾ?

ಉತ್ತರ: ಬಿಡಬಹುದಿತ್ತು. ಆದರೆ ಜಡ್ಜ್ ಮೂಲತಃ ರೈಟ್ ಫೀಲ್ಡರ್, ಅಂದರೆ ಔಟ್‌ಫೀಲ್ಡ್‌ನ ಬಲಭಾಗ ಕಾಯುವವರು. ಹುವಾನ್ ಸೊಟೊ ಬಂದು ರೈಟ್ ಫೀಲ್ಡ್‌ನಲ್ಲಿ ನಿಂತಿದ್ದರಿಂದ ಜಡ್ಜ್ ಆ ವರ್ಷ ನಡುವಿಗೆ ಸರಿದರು, ಅಷ್ಟೇ. ಡಿಸೆಂಬರ್‌ನಲ್ಲಿ ಸೊಟೊ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಿಕೊಂಡು ಅದೇ ಊರಿನ ಇನ್ನೊಂದು ತಂಡ ಮೆಟ್ಸ್ ಸೇರಿದರು. ಜಡ್ಜ್ ಹಳೇ ಜಾಗಕ್ಕೆ ಮರಳಲು ದಾರಿಯಾಯಿತು.

ಜಡ್ಜ್‌ರನ್ನು ಸೆಂಟರ್ ಫೀಲ್ಡ್‌ನಿಂದ ಸರಿಸಲು 2024ರ ವರ್ಲ್ಡ್ ಸೀರೀಸ್‌ನಲ್ಲಿ (ಚಾಂಪಿಯನ್ ಯಾರೆಂದು ನಿರ್ಧರಿಸುವ ಅಂತಿಮ ಸರಣಿ) ಅವರು ಬಿಟ್ಟ ಕ್ಯಾಚೇ ಕಾರಣ ಅನ್ನುವವರಿದ್ದಾರೆ. ಅಕ್ಟೋಬರ್ 30, ಐದನೇ ಪಂದ್ಯ, ಐದನೇ ಇನ್ನಿಂಗ್ಸ್. ಯಾಂಕೀಸ್ 5-0 ಮುಂದಿತ್ತು. ಎದುರಾಳಿ ಡಾಡ್ಜರ್ಸ್‌ನ ಟಾಮಿ ಎಡ್ಮನ್ ಹೊಡೆದ ಚೆಂಡು ಸೀದಾ ಜಡ್ಜ್ ಹತ್ತಿರ ಬಂತು, ಗ್ಲೌಸಿಗೆ ತಾಗಿ ಕೆಳಗೆ ಬಿತ್ತು. ಅದೇ ಇನ್ನಿಂಗ್ಸ್‌ನಲ್ಲಿ ಸ್ಕೋರ್ 5-5. ಕೊನೆಗೆ 7-6ರಿಂದ ಸೋಲು, ಸರಣಿಯೂ ಹೋಯಿತು. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅಂಥ ಕ್ಯಾಚ್ ಯಾವ ಜಾಗದಲ್ಲಿ ನಿಂತರೂ ಕೈಜಾರಬಹುದು.

ನನ್ನ ಪ್ರಕಾರ ವಿಷಯ ಇರೋದು ಕಾಲುಗಳಲ್ಲಿ. ಕ್ರಿಕೆಟ್‌ನಲ್ಲಿ ಲಾಂಗ್ ಆನ್, ಲಾಂಗ್ ಆಫ್ ಎರಡನ್ನೂ ಒಬ್ಬನೇ ಕಾದಂತೆ ಸೆಂಟರ್ ಫೀಲ್ಡರ್ ಕೆಲಸ. ಯಾಂಕೀ ಸ್ಟೇಡಿಯಂನಲ್ಲಿ ನಡುವಿನ ಗೋಡೆ 408 ಅಡಿ ದೂರ, ರೈಟ್ ಫೀಲ್ಡ್ ಮೂಲೆ ಬರೀ 314 ಅಡಿ. ಜಡ್ಜ್ 6 ಅಡಿ 7 ಇಂಚಿನ ಭಾರಿ ಆಳು, 2025ರಲ್ಲಿ 33 ತುಂಬಿತು, ಒಪ್ಪಂದ 2031ರ ತನಕ ಇದೆ. ಸಂಬಳ ಕೊಡೋದು ಬ್ಯಾಟಿಗೆ; ಓಡಿಸಿ ಸುಸ್ತು ಮಾಡಿದರೆ ನಷ್ಟ ತಂಡಕ್ಕೇ.

ಹಾಗಾದರೆ ಬೇರೆ ಯಾರಿದ್ದರು? ಹುಡುಗ ಜಾಸನ್ ಡೊಮಿಂಗೆಜ್‌ಗೆ ವೇಗವಿತ್ತು, ಅನುಭವ ಕಡಿಮೆ. ಅವರನ್ನು ಹೆಚ್ಚಾಗಿ ಲೆಫ್ಟ್ ಫೀಲ್ಡ್‌ನಲ್ಲಿ ಆಡಿಸಿದರು. ಕಬ್ಸ್ ತಂಡದಿಂದ ಕೋಡಿ ಬೆಲಿಂಜರ್‌ರನ್ನು ತಂದರು. ಇದು ಜಾಣ ವ್ಯಾಪಾರ. ತಮ್ಮ ಲೀಗ್‌ನ 2019ರ ಎಂವಿಪಿ (ಅತ್ಯಮೂಲ್ಯ ಆಟಗಾರ), ಎಡಗೈ ಬ್ಯಾಟರ್, ಔಟ್‌ಫೀಲ್ಡ್‌ನ ಮೂರೂ ಜಾಗ ಗೊತ್ತು, ಬೇಕೆಂದರೆ ಒಳಮೈದಾನದ ಫಸ್ಟ್ ಬೇಸ್‌ನಲ್ಲೂ ನಿಲ್ಲುತ್ತಾರೆ. ಒಬ್ಬ ಗಾಯಗೊಂಡರೆ ಇಡೀ ಲೆಕ್ಕಾಚಾರ ತಲೆಕೆಳಗಾಗುವುದಿಲ್ಲ.

ತಮಾಷೆ ಏನೆಂದರೆ, 2025ರಲ್ಲಿ ಸೆಂಟರ್ ಫೀಲ್ಡ್ ಬಹುಪಾಲು ಸಿಕ್ಕಿದ್ದು ಬೆಂಚಿನಲ್ಲಿದ್ದ ಟ್ರೆಂಟ್ ಗ್ರಿಶಮ್‌ಗೆ. ಹಿಂದೆ ಸೊಟೊ ಯಾಂಕೀಸ್‌ಗೆ ಬಂದ ಆಟಗಾರರ ವಿನಿಮಯದಲ್ಲೇ ಬಂದವರು, ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಎರಡು ಸಲ ಗೆದ್ದಿದ್ದವರು. 2024ರಲ್ಲಿ ಅವರ ಬ್ಯಾಟಿಂಗ್ ಸರಾಸರಿ ಬರೀ .190, ಹೋಮ್ ರನ್ 9. ಮರುವರ್ಷ 34! ಫೀಲ್ಡಿಂಗ್ ಮಾತ್ರ ಹಿಂದಿನಷ್ಟು ಚುರುಕಿರಲಿಲ್ಲ. ಆದರೂ 2026ಕ್ಕೆ ಯಾಂಕೀಸ್ ಸುಮಾರು 2.2 ಕೋಟಿ ಡಾಲರ್‌ನ ಒಂದು ವರ್ಷದ ಆಫರ್ ಮುಂದಿಟ್ಟಿತು, ಅವರು ಒಪ್ಪಿಕೊಂಡರು. ಬ್ಯಾಟಿಂಗ್ ಮತ್ತೆ 2024ರ ಮಟ್ಟಕ್ಕೆ ಇಳಿದರೆ ಆ ದುಡ್ಡು ಜಾಸ್ತಿಯೇ.