ಹನ್ನೊಂದನೇ ಬೆಡ್ ಅಜ್ಜಿ ಯಾಕೆ ಗಲಾಟೆ ಮಾಡುತ್ತಿದ್ದರು?

ಆಗ ನಾನು ಸ್ಟಾಫ್ ನರ್ಸ್. ಆರ್ಥೋ ವಾರ್ಡ್, ಮಧ್ಯಾಹ್ನದ ಡ್ಯೂಟಿ. 32 ಪೇಷೆಂಟ್, ಇಬ್ಬರು ಸಿಸ್ಟರ್, ಒಬ್ಬರು ಆಯಾ. ಹನ್ನೊಂದನೇ ಬೆಡ್‌ನಲ್ಲಿ 70 ದಾಟಿದ ಒಬ್ಬ ಅಜ್ಜಿ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಹಿಂದಿನ ದಿನ ಆಪರೇಷನ್ ಆಗಿ, ಅಂದು ಬೆಳಿಗ್ಗೆ ಕ್ಯಾಥೆಟರ್, ಅಂದರೆ ಮೂತ್ರ ಹೋಗಲು ಹಾಕಿದ್ದ ನಳಿಕೆ, ತೆಗೆದಿದ್ದರು.

ನಾಲ್ಕು ಗಂಟೆ ಹೊತ್ತಿಗೆ ಆಯಮ್ಮ ಬಂದು, "ಸಿಸ್ಟರ್, ಆ ಅಜ್ಜಿ ಬೆಳಿಗ್ಗೆಯಿಂದ ಬೆಡ್‌ಪ್ಯಾನ್ ಕೇಳೇ ಇಲ್ಲ" ಎಂದರು. ನನ್ನ ಕೈಯಲ್ಲಿ ಇಂಜೆಕ್ಷನ್ ಟ್ರೇ. "ಹೂಂ, ನೋಡ್ತೀನಿ" ಅಂದೆ. ನೋಡಲಿಲ್ಲ.

ಏಳೂವರೆಗೆ ಅಜ್ಜಿ ಡ್ರಿಪ್ ಕಿತ್ತುಹಾಕಲು ಶುರು ಮಾಡಿದರು. ಮಗನನ್ನೇ ಗುರುತಿಸುತ್ತಿಲ್ಲ. ಡ್ಯೂಟಿ ಡಾಕ್ಟರ್ ಕ್ಯಾಶುಯಾಲಿಟಿಯಲ್ಲಿದ್ದರು, ಫೋನ್ ಮಾಡಿದೆ. "ಸರ್, ಹನ್ನೊಂದನೇ ಬೆಡ್ ತುಂಬಾ ಗಲಾಟೆ ಮಾಡ್ತಿದ್ದಾರೆ." ಅವರೂ ಪಾಪ, ಸುಸ್ತಾಗಿದ್ದರು. "ವಯಸ್ಸಾದವರಿಗೆ ಆಪರೇಷನ್ ಆದ್ಮೇಲೆ ಹಾಗಾಗುತ್ತೆ ಸಿಸ್ಟರ್. ಒಂದು ಇಂಜೆಕ್ಷನ್ ಕೊಡಿ, ಮಲಗ್ತಾರೆ."

ಸಿರಿಂಜ್‌ಗೆ ಔಷಧಿ ತುಂಬಿಕೊಂಡು ಹೋದೆ. ಆಯಮ್ಮ ಅಲ್ಲೇ ನಿಂತಿದ್ದರು. "ಸಿಸ್ಟರ್, ಮೊದ್ಲು ಹೊಟ್ಟೆ ಒಂದ್ಸಲ ಮುಟ್ಟಿ ನೋಡಿ."

ಹೊಕ್ಕುಳ ಕೆಳಗೆ ಕಲ್ಲಿನ ಹಾಗಿತ್ತು. ಡಾಕ್ಟರಿಗೆ ಮತ್ತೆ ಫೋನ್ ಮಾಡಿ, ಕೇಳಿ, ಕ್ಯಾಥೆಟರ್ ಹಾಕಿದೆ. 900 ಎಂಎಲ್ ಮೂತ್ರ ಬಂತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅಜ್ಜಿ ಮಗನ ಹೆಸರು ಹಿಡಿದು ಕರೆದರು. ಕಾಫಿ ಸಿಗುತ್ತಾ ಅಂತ ಕೇಳಿದರು.

ಈ ಕಥೆಯನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಈಗ ನಾನು ನರ್ಸಿಂಗ್ ಪಾಠ ಮಾಡುವವಳು. ಮಕ್ಕಳು ಮೊದಲು ಆ ಡಾಕ್ಟರನ್ನು ಬೈಯುತ್ತಾರೆ. ಆಮೇಲೆ ನನ್ನನ್ನು ಬೈಯಬೇಕು ಅನ್ನಿಸಿದರೂ ಸುಮ್ಮನಾಗುತ್ತಾರೆ. ಆದರೆ ಅವತ್ತು ಯಾರಿಗೆ ಏನು ಗೊತ್ತಿತ್ತು ನೋಡಿ. ಅಜ್ಜಿ ಮೂತ್ರ ಮಾಡಿಲ್ಲ ಅಂತ ಆಯಮ್ಮನಿಗೆ ಗೊತ್ತಿತ್ತು. ಮೂರು ಗಂಟೆಗೆ ಬಂದ ಫಿಸಿಯೋ ಹುಡುಗನಿಗೆ ಅಜ್ಜಿ ಕೆಳಹೊಟ್ಟೆ ಹಿಡಿದುಕೊಂಡು ಕೂರಲು ಒಪ್ಪಲಿಲ್ಲ ಅಂತ ಗೊತ್ತಿತ್ತು. ಅವನು 'ನಾಟ್ ಕೋಆಪರೇಟಿವ್' ಅಂತ ಬರೆದ, ಅದೂ ತನ್ನ ಡಿಪಾರ್ಟ್‌ಮೆಂಟ್ ರಿಜಿಸ್ಟರ್‌ನಲ್ಲಿ. ನಮ್ಮ ಕೇಸ್ ಶೀಟ್‌ಗೆ ಅದು ಬರಲೇ ಇಲ್ಲ. ನನ್ನ ಕೈಯಲ್ಲಿ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಇತ್ತು, ಅಂದರೆ ಒಳಗೆ ಹೋದ ನೀರು, ಹೊರಗೆ ಬಂದ ಮೂತ್ರದ ಲೆಕ್ಕ. ಔಟ್‌ಪುಟ್ ಖಾನೆ ಖಾಲಿ. ಖಾಲಿ ಅಂದರೆ ಯಾರೋ ಬರೆಯಲು ಮರೆತಿದ್ದಾರೆ ಎಂದುಕೊಂಡೆ. ಅದು ಸೊನ್ನೆ ಇರಬಹುದು ಅಂತ ಹೊಳೆಯಲಿಲ್ಲ. ಡಾಕ್ಟರಿಗೆ ಗೊತ್ತಿದ್ದದ್ದು ನಾನು ಹೇಳಿದ 'ಗಲಾಟೆ' ಎಂಬ ಒಂದು ಮಾತು ಮಾತ್ರ.

ಅವತ್ತು ಯಾರೂ ಸೋಮಾರಿತನ ಮಾಡಿರಲಿಲ್ಲ. ಒಬ್ಬರ ಹತ್ತಿರ ಇದ್ದದ್ದನ್ನು ಇನ್ನೊಬ್ಬರಿಗೆ ದಾಟಿಸುವ ಅಭ್ಯಾಸ ನಮಗಿರಲಿಲ್ಲ. ನಮಗೆ ಯಾರೂ ಕಲಿಸಿಯೂ ಇರಲಿಲ್ಲ. 'ಟೀಮ್‌ವರ್ಕ್' ಅಂದರೆ ಒಳ್ಳೆಯ ಸ್ವಭಾವ, ನಗುನಗುತ್ತಾ ಇರೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದೂ ಐವಿ ಹಾಕುವ ಹಾಗೆ ಒಂದು ಕೈಕೆಲಸ. ಹೇಳಿಕೊಟ್ಟು, ಮಾಡಿಸಿ, ತಪ್ಪು ತಿದ್ದಿದರೆ ಮಾತ್ರ ಬರುತ್ತದೆ.

ಫೋನ್ ಮಾತನ್ನೇ ತೆಗೆದುಕೊಳ್ಳಿ. ಎಸ್‌ಬಾರ್ ಅಂತ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದದ್ದು, ಆಮೇಲೆ ಆಸ್ಪತ್ರೆಗಳಿಗೆ ಬಂತು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು, ಇಷ್ಟೇ. ನಾನು ಹೀಗೆ ಹೇಳಬೇಕಿತ್ತು: "ಸರ್, ಆರ್ಥೋ ವಾರ್ಡ್ ಹನ್ನೊಂದನೇ ಬೆಡ್ ಅಜ್ಜಿಗೆ ಸ್ವಲ್ಪ ಹೊತ್ತಿನಿಂದ ಗೊಂದಲ, ಮಗನನ್ನೂ ಗುರುತಿಸ್ತಿಲ್ಲ. ನಿನ್ನೆ ಹಿಪ್ ಆಪರೇಷನ್ ಆಗಿದೆ, ಬೆಳಿಗ್ಗೆ ಕ್ಯಾಥೆಟರ್ ತೆಗೆದಮೇಲೆ ಮೂತ್ರ ಮಾಡಿಲ್ಲ, ಹೊಟ್ಟೆ ಗಟ್ಟಿ ಇದೆ. ಮೂತ್ರ ಕಟ್ಟಿದೆ ಅನ್ಸುತ್ತೆ. ಕ್ಯಾಥೆಟರ್ ಹಾಕಲಾ?" ಓದಲು ಅರ್ಧ ನಿಮಿಷವೂ ಬೇಡ. ಇದರಲ್ಲಿ ನಮ್ಮ ಹುಡುಗಿಯರಿಗೆ ಬಾಯಿ ಕಟ್ಟುವುದು ಮೂರನೇ ಮಾತಿಗೆ, "ನನಗೆ ಹೀಗನ್ನಿಸುತ್ತಿದೆ" ಅನ್ನುವಲ್ಲಿ. ಡಾಕ್ಟರಿಗೆ ನಾನು ಹೇಳೋದಾ ಅಂತ. ಮೊದಲ ವರ್ಷದಿಂದ ಸುಮ್ಮನಿರೋದನ್ನೇ ಕಲಿಸಿ, ಕೊನೆಯ ವರ್ಷ ಬಾಯಿ ಬಿಡಿ ಅಂದರೆ ಹೇಗೆ ಬಿಡುತ್ತಾರೆ?

ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡ್‌ನ ಎಲೇನ್ ಬ್ರೊಮಿಲಿ ಅವರ ಸಾವನ್ನು ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಪಾಠವಾಗಿ ಹೇಳುತ್ತಾರೆ. 2005ರಲ್ಲಿ ಸೈನಸ್‌ನ ಮಾಮೂಲಿ ಆಪರೇಷನ್‌ಗೆ ಹೋದವರು. ಅರಿವಳಿಕೆ ಕೊಟ್ಟಮೇಲೆ ಉಸಿರಾಟದ ದಾರಿ ಸಿಗಲಿಲ್ಲ. ಅನುಭವಿ ಡಾಕ್ಟರುಗಳು ಸೇರಿ ಬಾಯಿಯಿಂದ ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಕತ್ತಿನಲ್ಲಿ ದಾರಿ ಮಾಡಬೇಕಾದ ಹೊತ್ತು ಅದು. ಒಬ್ಬ ನರ್ಸ್ ಅದಕ್ಕೆ ಬೇಕಾದ ಸೆಟ್ ತಂದು ಇಟ್ಟು, ತಂದಿದ್ದೇನೆ ಅಂತಲೂ ಹೇಳಿದರು. ಇನ್ನೊಬ್ಬರು ಐಸಿಯುನಲ್ಲಿ ಬೆಡ್ ಹೇಳಿಟ್ಟರು. ಅತಿ ಮಾಡುತ್ತಿದ್ದೀಯ ಎನ್ನುವ ಹಾಗೆ ಡಾಕ್ಟರುಗಳು ನೋಡಿದರು, ಆ ಬೆಡ್ ಬೇಡ ಅಂತ ವಾಪಸ್ ಹೇಳಬೇಕಾಯಿತು. ಎಲೇನ್ ಮತ್ತೆ ಕಣ್ಣು ಬಿಡಲಿಲ್ಲ. ಕೆಲವು ದಿನಗಳ ನಂತರ ತೀರಿಕೊಂಡರು. ಅವರ ಗಂಡ ಮಾರ್ಟಿನ್ ಪೈಲಟ್. ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾನೆ ಅಂತ ಕಂಡರೆ ಪಕ್ಕದಲ್ಲಿ ಕೂತವನು ಹೇಗೆ ಬಾಯಿ ಬಿಡಬೇಕು ಅಂತ ವಿಮಾನಯಾನದಲ್ಲಿ ತರಬೇತಿಯೇ ಇದೆ. ಆಸ್ಪತ್ರೆಯಲ್ಲಿ ಯಾಕಿಲ್ಲ ಎಂದು ಅವರು ಕೇಳಿದರು. 2007ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು.

ನಮ್ಮ ಕಡೆ ಬರೋಣ. ಕರ್ನಾಟಕದಲ್ಲಿ ಎಂಬಿಬಿಎಸ್, ನರ್ಸಿಂಗ್, ಫಿಸಿಯೋ, ಫಾರ್ಮಸಿ, ಬಹುಪಾಲು ಎಲ್ಲರ ಅಂಕಪಟ್ಟಿ ಮೇಲೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಸರೇ ಇರುತ್ತದೆ. ನಾನು ನೋಡಿದ ಕ್ಯಾಂಪಸ್‌ಗಳಲ್ಲಿ ಈ ಮಕ್ಕಳೆಲ್ಲ ಒಂದೇ ಗೇಟಿನಿಂದ ಒಳಗೆ ಬರುತ್ತಾರೆ, ಒಂದೇ ಕ್ಯಾಂಟೀನ್‌ನಲ್ಲಿ ಚಹಾ ಕುಡಿಯುತ್ತಾರೆ. ಒಂದೇ ಕ್ಲಾಸಿನಲ್ಲಿ ಮಾತ್ರ ಕೂರುವುದಿಲ್ಲ. ಆ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದೇ ವರ್ಷ ಸ್ವೀಡನ್‌ನ ಲಿಂಕೋಪಿಂಗ್‌ನಲ್ಲಿ ಒಂದು ಆರ್ಥೋ ವಾರ್ಡನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಮೆಡಿಕಲ್, ನರ್ಸಿಂಗ್, ಫಿಸಿಯೋ ವಿದ್ಯಾರ್ಥಿಗಳು ಒಂದು ತಂಡವಾಗಿ, ಟೀಚರುಗಳ ಕಣ್ಗಾವಲಲ್ಲಿ ಪೇಷೆಂಟುಗಳನ್ನು ನೋಡಿಕೊಳ್ಳಬೇಕು. ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯೋದು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ್ದು ಇದನ್ನೇ. ನಮ್ಮ ಎಂಬಿಬಿಎಸ್‌ನ 2019ರ ಹೊಸ ಪಠ್ಯಕ್ರಮದಲ್ಲೂ ಡಾಕ್ಟರ್ ಅಂದರೆ ತಂಡದ ನಾಯಕ ಮತ್ತು ಸದಸ್ಯ ಎಂದು ಬರೆದಿದ್ದಾರೆ. 'ಸದಸ್ಯ' ಅನ್ನುವ ಮಾತು ಎಷ್ಟು ಜನರ ಕಣ್ಣಿಗೆ ಬಿದ್ದಿದೆಯೋ!

ನಾವು ನಾಲ್ಕೈದು ಜನ ಟೀಚರುಗಳು ಸೇರಿ ಸಣ್ಣದಾಗಿ ಏನಾದರೂ ಮಾಡೋಣ ಅಂತ ಹೊರಟೆವು. ಮೊದಲ ಸಲ ಲೆಕ್ಚರ್ ಹಾಲ್, ಪ್ರೊಜೆಕ್ಟರ್, ಸಮೋಸ. ಪೂರ್ತಿ ಫ್ಲಾಪ್. ಮೆಡಿಕಲ್ ಮಕ್ಕಳು ಮುಂದಿನ ಸಾಲು, ನಮ್ಮವರು ಹಿಂದೆ. ಪ್ರಶ್ನೆ ಕೇಳಿದ್ದೆಲ್ಲ ಮುಂದಿನ ಸಾಲಿನವರು. ತಂಡದ ಬಗ್ಗೆ ಭಾಷಣ ಕೇಳಿ ಎರಡು ಗುಂಪಾಗಿ ಎದ್ದುಹೋದರು.

ಎರಡನೇ ಸಲ ಹಾಲ್ ಬಿಟ್ಟು ವಾರ್ಡಿಗೆ ಹೋದೆವು. ಒಬ್ಬ ಹೌಸ್‌ಸರ್ಜನ್ (ತರಬೇತಿಯಲ್ಲಿರುವ ಹೊಸ ಡಾಕ್ಟರ್), ಇಬ್ಬರು ನರ್ಸಿಂಗ್ ಮಕ್ಕಳು, ಒಬ್ಬಳು ಫಿಸಿಯೋ ವಿದ್ಯಾರ್ಥಿನಿ, ಒಂದು ಬೆಡ್, ನಲವತ್ತು ನಿಮಿಷ. ಪೇಷೆಂಟ್ ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋದವರು. ಇವರನ್ನು ಮೇಲಕ್ಕೆ ಸರಿಸಿ ಅಂದೆ. ಹೌಸ್‌ಸರ್ಜನ್ ಎಡಕಂಕುಳಿಗೆ ಕೈಹಾಕಿ ಎತ್ತಲು ಹೋದ. ಫಿಸಿಯೋ ಹುಡುಗಿ ತಟ್ಟನೆ, "ಅಯ್ಯೋ ಬೇಡ, ಭುಜ ಜಾರುತ್ತೆ!" ಎಂದಳು. ಬಲ ಇಲ್ಲದ ಕೈ ಹಿಡಿದು ಎಳೆದರೆ ಭುಜದ ಕೀಲು ಸಡಿಲವಾಗುತ್ತದೆ, ತಿಂಗಳುಗಟ್ಟಲೆ ನೋವು. ಅವಳು ದಿನಕ್ಕೆ ಇಪ್ಪತ್ತು ನಿಮಿಷ ಆ ಕೈಗೆ ಕೆಲಸ ಕೊಡುತ್ತಿದ್ದಳು. ನಾವು ದಿನಕ್ಕೆ ಆರು ಸಲ ಅದನ್ನೇ ಎಳೆಯುತ್ತಿದ್ದೆವು! ಎತ್ತುವ ಕೆಲಸ ನಿಜವಾಗಿ ಜಾಸ್ತಿ ಮಾಡುವವರು ಆಯಾ ಮತ್ತು ವಾರ್ಡ್ ಬಾಯ್. ಅವರನ್ನೂ ಕರೆದೆವು. ಹಾಸಿದ ಶೀಟನ್ನೇ ಸುತ್ತಿ ಹಿಡಿದು ಇಬ್ಬರು ಹೇಗೆ ಸರಿಸಬಹುದು ಅಂತ ಅವರೇ ನಮಗೆ ತೋರಿಸಿಕೊಟ್ಟರು. ಅವತ್ತು ಯಾರೂ ಮುಂದಿನ ಸಾಲಲ್ಲಿ ಇರಲಿಲ್ಲ, ಸಾಲೇ ಇರಲಿಲ್ಲ.

ವಾರ್ಡಿನಿಂದ ಆಚೆ ಹೋದರೆ ಇನ್ನೂ ಕಷ್ಟ. ನನ್ನ ಹನ್ನೊಂದನೇ ಬೆಡ್ ಅಜ್ಜಿ ಡಿಸ್ಚಾರ್ಜ್ ಆದಾಗ ಸಮ್ಮರಿಯಲ್ಲಿ 'ಕುಕ್ಕರಗಾಲಲ್ಲಿ ಕೂರಬಾರದು' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮನೆಯಲ್ಲಿ ಯಾವ ಟಾಯ್ಲೆಟ್ ಇದೆ ಅಂತ ನಾವ್ಯಾರೂ ಕೇಳಲಿಲ್ಲ. ಕೇಳಿದ್ದು ಮೆಡಿಕಲ್ ಸೋಶಿಯಲ್ ವರ್ಕರ್, ಅದೂ ಬಿಲ್ ಕೌಂಟರ್ ಹತ್ತಿರ, ಆಟೋ ಬಂದು ನಿಂತಮೇಲೆ. ಹಿತ್ತಲಲ್ಲಿ ಇಂಡಿಯನ್ ಟಾಯ್ಲೆಟ್, ಎರಡು ಮೆಟ್ಟಿಲು ಇಳಿದು ಹೋಗಬೇಕು. ಆ ಮೇಡಂ ಅಲ್ಲೇ ಮಗನಿಗೆ ಹೇಳಿಕೊಟ್ಟರು: ಗಟ್ಟಿಯಾದ ಪ್ಲಾಸ್ಟಿಕ್ ಕುರ್ಚಿ ತಗೊಳ್ಳಿ, ನಡುವೆ ಕೊಯ್ದು ಅಂಚು ಉಜ್ಜಿಸಿ, ಕೆಳಗೆ ಬಕೆಟ್ ಇಡಿ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ವಾರದೊಳಗೆ ಒಮ್ಮೆ ಹೋಗಿ ನೋಡಿ ಅಂದರು. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿರಲಿ, ಆ ಕುರ್ಚಿ ಇಲ್ಲದಿದ್ದರೆ ಅಜ್ಜಿ ಮತ್ತೆ ಬೀಳುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತದೆ. ಈಗ ನಮ್ಮ ನಲವತ್ತು ನಿಮಿಷದಲ್ಲಿ ಕೊನೆಯ ಹತ್ತು ನಿಮಿಷ ಆ ಮೇಡಂ ಅವರದ್ದು. ಬಚ್ಚಲು, ಮೆಟ್ಟಿಲು, ರೇಷನ್ ಕಾರ್ಡ್, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಎಲ್ಲ ಕೇಳಿಸುತ್ತಾರೆ. ಹೌಸ್‌ಸರ್ಜನ್‌ಗಳು ಜಾಸ್ತಿ ಬರೆದುಕೊಳ್ಳೋದು ಆ ಹತ್ತು ನಿಮಿಷದಲ್ಲೇ.

ಎಲ್ಲ ಸರಿಹೋಗಿದೆ ಅಂತೇನಿಲ್ಲ. ಮೂರು ಕಾಲೇಜುಗಳ ಟೈಮ್‌ಟೇಬಲ್ ಹೊಂದಿಸೋದೇ ದೊಡ್ಡ ತಲೆನೋವು. ಪರೀಕ್ಷೆಗೆ ಬರದ ಪಾಠಕ್ಕೆ ಮಕ್ಕಳು ಚಕ್ಕರ್ ಹಾಕುತ್ತಾರೆ, ನಾನಾಗಿದ್ದರೂ ಹಾಕುತ್ತಿದ್ದೆ.

ಕಳೆದ ತಿಂಗಳು ನಮ್ಮ ಮೂರನೇ ವರ್ಷದ ಹುಡುಗಿ ನರ್ಸಸ್ ನೋಟ್ಸ್‌ನಲ್ಲಿ ಹೀಗೆ ಬರೆದಿದ್ದಳು: 'ಮಧ್ಯಾಹ್ನದಿಂದ ಊಟ ಮಾಡಿಲ್ಲ ಎಂದು ಆಯಾ ತಿಳಿಸಿದರು. ಪೇಷೆಂಟನ್ನು ನೋಡಲಾಯಿತು. ಡ್ಯೂಟಿ ಡಾಕ್ಟರಿಗೆ ತಿಳಿಸಲಾಯಿತು.' ವಾರ್ಡ್ ಇನ್‌ಚಾರ್ಜ್ ಸಿಸ್ಟರ್ 'ಆಯಾ' ಎಂಬಲ್ಲಿ ಕೆಂಪು ಪೆನ್ನಿನ ಗೀಟು ಎಳೆದರು. "ಕೇಸ್ ಶೀಟಲ್ಲಿ ಆಯಾ ಮಾತೆಲ್ಲ ಬರೀತಾರಾ ಮೇಡಂ? ನಾಳೆ ಕೋರ್ಟಿಗೆ ಹೋದರೆ?" ಎಂದು ನನ್ನನ್ನೇ ಕೇಳಿದರು. ಅವರ ಭಯ ಸುಳ್ಳಲ್ಲ. ಪೇಷೆಂಟನ್ನು ನೋಡಲಾಯಿತು ಅಂತಲೂ ಬರೆದಿದೆಯಲ್ಲ, ಇನ್ನೇನು ಅಂದೆ. ಅವರು ಒಪ್ಪಲಿಲ್ಲ. ಈ ಗುರುವಾರ ಮತ್ತೆ ಕೂತು ಮಾತಾಡೋಣ ಅಂದಿದ್ದಾರೆ. ಆಯಮ್ಮನನ್ನೂ ಕರೆದುಕೊಂಡು ಬರುತ್ತೇನೆ ಅಂತ ಹೇಳಿದ್ದೇನೆ.