ದಕ್ಷಿಣದ ಬೀಚ್ ಕಾಡು: ನೆಲದ ತಾರೀಖು, ಕವಲಿನ ತಾರೀಖು

ನೋಥೊಫೇಗಸ್, ಅಂದರೆ ದಕ್ಷಿಣದ ಬೀಚ್ ಮರಗಳ ಬಗ್ಗೆ ಓದಲು ಕೂತವರು ಮೊದಲು ಭೂಪಟ ಮುಂದಿಟ್ಟುಕೊಳ್ಳಿ. ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್, ಟ್ಯಾಸ್ಮೇನಿಯಾ, ಆಸ್ಟ್ರೇಲಿಯಾದ ಪೂರ್ವ ಅಂಚು, ನ್ಯೂಗಿನಿ, ನ್ಯೂ ಕ್ಯಾಲೆಡೋನಿಯಾ. ಈ ಮರ ಕಾಡಿನಲ್ಲಿ ತಾನಾಗಿ ಬೆಳೆಯುವುದು ಇಷ್ಟೇ ಕಡೆ. ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರ. ಅಂಟಾರ್ಕ್ಟಿಕಾದಲ್ಲಿ ಈಗ ಒಂದೂ ಇಲ್ಲ. ಆದರೆ ದಕ್ಷಿಣ ಧ್ರುವದಿಂದ ಸುಮಾರು 500 ಕಿ.ಮೀ. ದೂರದಲ್ಲಿ, ಬಿಯರ್ಡ್‌ಮೋರ್ ಹಿಮನದಿಯ ಹತ್ತಿರ, ಇದರ ಎಲೆ ಮತ್ತು ಕಾಂಡದ ಪಳೆಯುಳಿಕೆ ಸಿಕ್ಕಿದೆ.

ಬೀಜ ಪುಟ್ಟ ಕಾಯಿ. ಹಕ್ಕಿಗೆ ಆಸೆ ಹುಟ್ಟಿಸುವ ತಿರುಳಿಲ್ಲ. ಗಾಳಿಗೆ ಉದುರಿದರೂ ಬಹುಪಾಲು ತಾಯಿಮರದ ಆಸುಪಾಸಿನಲ್ಲೇ ಬೀಳುತ್ತದೆ. ಹಾಗಾಗಿ ಹಳೆಯ ಉತ್ತರ ಸುಲಭವಾಗಿತ್ತು: ಮರ ಎಲ್ಲಿಗೂ ಹೋಗಲಿಲ್ಲ, ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನಾ ಎಂಬ ಹಳೆಯ ಮಹಾಖಂಡ ಒಡೆದು ನೆಲವೇ ಮರವನ್ನು ಹೊತ್ತು ಹೋಯಿತು.

ಇಲ್ಲಿ ನಮ್ಮವರಿಗೆ ಒಂದು ಪ್ರಶ್ನೆ ಏಳಲೇಬೇಕು. ಭಾರತವೂ ಗೊಂಡ್ವಾನಾದ ತುಂಡೇ ಅಲ್ವಾ? ಹಾಗಿದ್ದರೆ ಪಶ್ಚಿಮ ಘಟ್ಟದಲ್ಲಿ ಈ ಮರ ಯಾಕಿಲ್ಲ? ತಾರೀಖು ನೋಡಿ. ಭಾರತ ಅಂಟಾರ್ಕ್ಟಿಕಾದಿಂದ ಬಿಡಿಸಿಕೊಂಡದ್ದು ಸುಮಾರು 13 ಕೋಟಿ ವರ್ಷ ಹಿಂದೆ. ಮಡಗಾಸ್ಕರ್‌ನಿಂದ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷ ಹಿಂದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುತ್ತೇವಲ್ಲ, ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು, ಅವು ಆ ಬೇರ್ಪಡೆಯ ಕಾಲದ ಲಾವಾ. ನೋಥೊಫೇಗಸ್‌ನ ಅತಿ ಹಳೆಯ ಪರಾಗವಾದರೋ ಸುಮಾರು 8.4 ಕೋಟಿ ವರ್ಷದ್ದು. ಸಿಕ್ಕ ಪರಾಗಕ್ಕಿಂತ ಮರ ಸ್ವಲ್ಪ ಮೊದಲೇ ಹುಟ್ಟಿರಬಹುದು. ಆದರೂ 13 ಕೋಟಿಗೂ ಇದಕ್ಕೂ ಅಂತರ ಜಾಸ್ತಿ. ಮರ ಬರುವ ಮೊದಲೇ ನಮ್ಮ ನೆಲ ಹೊರಟಿತ್ತು.

ಇದರಿಂದ ಸಿಕ್ಕ ಸುಲಭದ ದಾರಿ ನನಗೆ ತುಂಬಾ ಇಷ್ಟ. ಸಮುದ್ರದ ಆಚೆ ಈಚೆ ಒಂದೇ ಗುಂಪಿನ ಮರ ಕಂಡರೆ ಪಕ್ಕಪಕ್ಕದಲ್ಲಿ ಎರಡು ತಾರೀಖು ಬರೆಯಿರಿ: ನೆಲ ಒಡೆದದ್ದು ಯಾವಾಗ, ವಂಶದ ಕವಲು ಒಡೆದದ್ದು ಯಾವಾಗ. ಎರಡೂ ಒಂದೇ ಹೊತ್ತಿಗೆ ಬಂದರೆ ನೆಲದ ಜೊತೆ ಹೋಗಿರಬಹುದು. ಕವಲು ನೆಲಕ್ಕಿಂತ ಹಳೆಯದಾದರೆ ಮರಗಳು ಮೊದಲೇ ಬೇರೆಯಾಗಿದ್ದವು, ಆಗಲೂ ತೊಂದರೆಯಿಲ್ಲ. ಕವಲು ನೆಲಕ್ಕಿಂತ ಎಳೆಯದಾದರೆ ಮಾತ್ರ ಬೀಜ ಸಮುದ್ರ ದಾಟಿದೆ ಎನ್ನಲೇಬೇಕು.

ಈಗ ನ್ಯೂಜಿಲೆಂಡ್‌ಗೆ ಹಾಕಿ ನೋಡಿ. ಆ ನೆಲ ಸುಮಾರು 8 ಕೋಟಿ ವರ್ಷ ಹಿಂದೆ ಕಳಚಿಕೊಂಡಿತು. 2005ರಲ್ಲಿ ಬಂದ ಡಿಎನ್ಎ ಲೆಕ್ಕಗಳ ಪ್ರಕಾರ ನ್ಯೂಜಿಲೆಂಡ್‌ನ ಸಿಲ್ವರ್ ಬೀಚ್ ಎಂಬ ನೋಥೊಫೇಗಸ್ ಮತ್ತು ಅದರ ಆಸ್ಟ್ರೇಲಿಯಾದ ನೆಂಟರು ಬೇರೆಯಾದದ್ದು ಅದಕ್ಕಿಂತ ಎಷ್ಟೋ ಈಚೆ, ಅಂದಾಜು 3 ಕೋಟಿ ವರ್ಷದ ಆಸುಪಾಸಿನಲ್ಲಿ. ಕವಲು ಎಳೆಯದು. ಅಂದರೆ ಬೀಜ ಎರಡೂ ದೇಶಗಳ ನಡುವಿನ ಟ್ಯಾಸ್ಮನ್ ಸಮುದ್ರ ದಾಟಿದೆ.

ಆದರೆ ನ್ಯೂಜಿಲೆಂಡ್‌ನ ಮಣ್ಣಿನ ಪದರಗಳಲ್ಲಿ ನೋಥೊಫೇಗಸ್ ಪರಾಗ ಡೈನೋಸಾರ್ ಕಾಲದಿಂದಲೂ ಇದೆ! ಮರ ಮೊದಲಿನಿಂದ ಅಲ್ಲೇ ಇದ್ದರೆ, ಆಮೇಲೆ ಸಮುದ್ರ ದಾಟಿ ಬಂದದ್ದು ಹೇಗೆ? ಈ ಹೆಜ್ಜೆಯನ್ನು ನಿಧಾನವಾಗಿ ಇಡಬೇಕು. ಮನೆ ನೂರು ವರ್ಷದ್ದು, ಯಾವತ್ತೂ ಖಾಲಿ ಬಿದ್ದಿಲ್ಲ ಎಂದ ಮಾತ್ರಕ್ಕೆ ಈಗಿರುವವರು ಕಟ್ಟಿಸಿದವರ ಮೊಮ್ಮಕ್ಕಳೇ ಆಗಬೇಕಿಲ್ಲ. ನೋಥೊಫೇಗಸ್‌ನಲ್ಲಿ ನಾಲ್ಕು ಗುಂಪುಗಳಿವೆ. ಅವುಗಳಲ್ಲಿ ಬ್ರಾಸೊಸ್ಪೋರಾ ಎಂಬ ಗುಂಪಿನ ಪರಾಗ ಒಂದು ಕಾಲದಲ್ಲಿ ನ್ಯೂಜಿಲೆಂಡ್‌ನಲ್ಲಿ ಹೇರಳವಾಗಿತ್ತು. ಹಿಮಯುಗಗಳು ಶುರುವಾಗುವ ಹೊತ್ತಿಗೆ ಆ ಗುಂಪು ಅಲ್ಲಿ ಅಳಿಯಿತು. ಈಗ ಅದು ಉಳಿದಿರುವುದು ನ್ಯೂಗಿನಿ ಮತ್ತು ನ್ಯೂ ಕ್ಯಾಲೆಡೋನಿಯಾದಲ್ಲಿ ಮಾತ್ರ. ಹೀಗೆ ಹಳಬರು ಅಳಿದಿದ್ದಾರೆ, ಹೊಸಬರು ಬಂದಿದ್ದಾರೆ. ಪರಾಗ ಹೇಳುವುದು "ಈ ಜಾತಿಯ ಮರ ಇಲ್ಲಿತ್ತು" ಎಂದಷ್ಟೇ. "ಇಂದಿನ ಮರದ ಅಜ್ಜ ಇದೇ" ಎಂದು ಹೇಳುವುದಿಲ್ಲ. ಇದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು.

ಹಾಗಂತ ಗೊಂಡ್ವಾನಾ ಉತ್ತರವನ್ನು ಪೂರ್ತಿ ಅಳಿಸಬೇಡಿ. ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಬಹಳ ತಡವಾಗಿ ಬೇರೆಯಾದವು. ಅಲ್ಲಿನ ಕವಲುಗಳಿಗೆ ನೆಲ ಒಡೆದ ತಾರೀಖು ಇವತ್ತಿಗೂ ಹೊಂದುತ್ತದೆ. ಒಂದೇ ಮರಕ್ಕೆ ಎರಡು ಉತ್ತರ, ಕವಲು ಯಾವುದು ಎಂಬುದರ ಮೇಲೆ.

ಸಮುದ್ರ ದಾಟಿದ ಮರ ನೆಲದ ಮೇಲೆ ಮಾತ್ರ ಬಹಳ ನಿಧಾನ. ನ್ಯೂಜಿಲೆಂಡ್ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯ ನಡುವೆ ಬೀಚ್ ಇಲ್ಲದ ದೊಡ್ಡ ಪಟ್ಟಿಯೇ ಇದೆ. ಹಿಮನದಿ ಒರೆಸಿಹಾಕಿದ ಮೇಲೆ ಕಾಡು ಇನ್ನೂ ಅಲ್ಲಿಗೆ ಮರಳಿಲ್ಲ. ಬೀಜ ಬಿದ್ದರೆ ಸಾಲದು, ಬೇರಿಗೆ ಜೊತೆಯಾಗುವ ಶಿಲೀಂಧ್ರವೂ ಮಣ್ಣಿನಲ್ಲಿರಬೇಕು. ಅದು ಹೆಚ್ಚಾಗಿ ಸಿಗುವುದು ಹಳೆಯ ಬೀಚ್ ಮರದ ಬುಡದಲ್ಲಿ. ಕೋಟಿ ವರ್ಷಗಳಲ್ಲಿ ಯಾವಾಗಲೋ ಒಮ್ಮೆ ಆಗುವ ಜಿಗಿತ ಬೇರೆ, ದಿನನಿತ್ಯದ ನಡಿಗೆ ಬೇರೆ.

ಇನ್ನು ಪರಿಸರದ ಭಾಗ. ನ್ಯೂಜಿಲೆಂಡ್‌ನಲ್ಲಿ ಬೀಚ್ ಮರಗಳು ಪ್ರತಿ ವರ್ಷ ಒಂದೇ ಸಮ ಬೀಜ ಬಿಡುವುದಿಲ್ಲ. ಒಂದು ಬೇಸಿಗೆ ಅದರ ಹಿಂದಿನ ಬೇಸಿಗೆಗಿಂತ ಬಿಸಿಯಾಗಿದ್ದರೆ, ಮರುವರ್ಷ ಇಡೀ ಕಾಡು ಒಟ್ಟಿಗೆ ಹೂಬಿಟ್ಟು ರಾಶಿ ಬೀಜ ಸುರಿಸುತ್ತದೆ. ಲೆಕ್ಕಕ್ಕೆ ಬರುವುದು ಸುಮ್ನೆ ಬಿಸಿಯಲ್ಲ, ಎರಡು ಬೇಸಿಗೆಗಳ ನಡುವಿನ ವ್ಯತ್ಯಾಸ. ಬೀಜ ತಿಂದು ಇಲಿ, ಹೆಗ್ಗಣ ಹೆಚ್ಚುತ್ತವೆ. ಅವುಗಳನ್ನು ತಿನ್ನುವ ಸ್ಟೋಟ್ ಎಂಬ ಮುಂಗುಸಿಯಂಥ ಪುಟ್ಟ ಬೇಟೆಪ್ರಾಣಿ ಹೆಚ್ಚುತ್ತದೆ. ವಸಂತದಲ್ಲಿ ಉಳಿದ ಬೀಜ ಮೊಳೆತು ಮುಗಿದಾಗ ಹಸಿದ ಹೆಗ್ಗಣಗಳು ಗೂಡಿಗೆ ನುಗ್ಗುತ್ತವೆ. ಮೊಹುವಾ, ಕಾಕಾ ಹಕ್ಕಿಗಳು ಪೊಟರೆಯಲ್ಲಿ ಮೊಟ್ಟೆಯಿಡುತ್ತವೆ. ಕಾವು ಕೂತ ತಾಯಿಗೆ ಓಡಲು ದಾರಿಯೇ ಇರುವುದಿಲ್ಲ. ನೆಲದ ಸಸ್ತನಿಗಳಲ್ಲಿ ಬಾವಲಿ ಬಿಟ್ಟರೆ ಬೇರೇನೂ ಇರದಿದ್ದ ನಾಡು ಅದು. ಈ ಇಲಿ, ಸ್ಟೋಟ್ ಎಲ್ಲ ಮನುಷ್ಯರ ಜೊತೆ ಬಂದವು. ಓದುವಾಗ ನನಗೆ ನಿಜಕ್ಕೂ ಸಂಕಟವಾದ ಭಾಗ ಇದು. 2019ರಂಥ ಭಾರಿ ಬೀಜದ ವರ್ಷಗಳಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಮೊದಲೇ ಅಂದಾಜು ಮಾಡಿ 1080 ಎಂಬ ವಿಷದ ತುಣುಕುಗಳನ್ನು ಹೆಲಿಕಾಪ್ಟರ್‌ನಿಂದ ಉದುರಿಸುತ್ತದೆ.

ಚಿಲಿಯ ಕಥೆ ಬೇರೆ. ಅಲ್ಲಿ ಕೊಯಿಗೂಯೆ ಎಂಬ ಬೀಚ್ ಸಸಿಗೆ ಬೆಳಕು ಬೇಕು, ದಟ್ಟ ಕಾಡಿನಡಿ ಬಿದಿರು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ದೊಡ್ಡ ಅನಾಹುತವೇ ಅದಕ್ಕೆ ಅವಕಾಶ. 1960ರ ವಾಲ್ಡಿವಿಯಾ ಭೂಕಂಪದಲ್ಲಿ ಗುಡ್ಡ ಕುಸಿದು ಬರಿದಾದ ಇಳಿಜಾರುಗಳಲ್ಲಿ ಒಂದೇ ವಯಸ್ಸಿನ ಕಾಡು ಎದ್ದಿತು.

ಹುಡುಕುವಾಗ ಒಂದು ಎಚ್ಚರ: 2013ರ ನಂತರ ಕೆಲವರು ನಾಲ್ಕು ಗುಂಪನ್ನೂ ಬೇರೆ ಬೇರೆ ಕುಲ ಮಾಡಿದ್ದಾರೆ. ನ್ಯೂಜಿಲೆಂಡ್‌ನ ಬರಹಗಳಲ್ಲಿ ಲೋಫೊಝೋನಿಯಾ, ಫಸ್ಕೋಸ್ಪೋರಾ ಎಂದಿದ್ದರೆ ಅವೂ ಇದೇ ಮರಗಳೇ.